ಅವರೆಕಾಳಿನ ಗಸ್ತು

ಕಳೆದ ವಾರ ಅಟ್ಟದ ಮೇಲಿನ ಡಬ್ಬಗಳನ್ನು ಇಳಿಸುವಾಗ ಹಳೆಯ ಹೆಡ್‌ಫೋನ್ ಒಂದು ಕೈಗೆ ಸಿಕ್ಕಿತು. ಮಗಳ ಆನ್‌ಲೈನ್ ಕ್ಲಾಸಿಗೆಂದು ಕೊಂಡದ್ದು. ಕಿವಿಯ ಮೇಲೆ ಕೂರುವ ಸ್ಪಂಜು ಒಂದು ಕಡೆ ಹರಿದು ಕಪ್ಪು ಪುಡಿ ಉದುರುತ್ತಿತ್ತು. ಎಸೆಯಲೆಂದು ಎತ್ತಿದವಳಿಗೆ ಸಣ್ಣಗೆ ಒಂದು ವಾಸನೆ ಬಂತು. ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯದು. ನಮ್ಮ ಮನೆಯಲ್ಲಿ ಆ ಎಣ್ಣೆಯನ್ನು ಯಾರೂ ಹಚ್ಚುವುದಿಲ್ಲ…

ಅದು ನಮ್ಮ ಮೇಲಿನ ಮನೆಯವರ ಕೂದಲಿನ ವಾಸನೆ.

ಸಹಕಾರನಗರದ ನಮ್ಮ ಮನೆಯ ಮಹಡಿಯಲ್ಲಿ ಅವರು ಬಹಳ ವರ್ಷ ಬಾಡಿಗೆಗಿದ್ದರು. ಗೋಕಾಕದ ಕಡೆಯವರು. ಯಲಹಂಕದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ನನಗಿಂತ ದೊಡ್ಡವರಾದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಗಂಡ ಸೈನ್ಯದಲ್ಲಿದ್ದವರು. ಹಿಮದ ಬೆಟ್ಟಗಳಲ್ಲಿ ಗಸ್ತಿಗೆ ಹೋದಾಗ, ಮುಂದಿನ ಹೊಳೆ ದಾಟಲು ಆಗುತ್ತದೆಯೇ ನೋಡಿ ಬರುತ್ತೇನೆಂದು ಅವರೊಬ್ಬರೇ ಮಂಜಿನೊಳಗೆ ಹೋದರಂತೆ. ಬರಲಿಲ್ಲ. ದೇಹವೂ ಸಿಗಲಿಲ್ಲ. ಸತ್ತರೆಂದು ಸೈನ್ಯದ ಕಾಗದ ಬಂದ ಮೇಲೂ ಇವರು ಕುಂಕುಮ ಬಿಡಲಿಲ್ಲ. ಬೀದಿಯ ಹೆಂಗಸರು ಇವರನ್ನು ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಕರೆಯುತ್ತಿದ್ದೆ. ಅವರು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು, ತಾಂಬೂಲ ತೆಗೆದುಕೊಂಡು ಎದ್ದುಬಿಡುತ್ತಿದ್ದರು.

ಪ್ರತಿ ಸಂಕ್ರಾಂತಿಯ ಆಸುಪಾಸಿನಲ್ಲಿ ಒಬ್ಬರು ನಮ್ಮ ಗೇಟಿಗೆ ಬರುತ್ತಿದ್ದರು. ಆ ಗಸ್ತಿನ ತಂಡವನ್ನು ನಡೆಸಿದ್ದವರು. ಗೊರಗುಂಟೆಪಾಳ್ಯದಲ್ಲಿ ಊರಿನ ಬಸ್ಸಿಳಿದು ನೇರವಾಗಿ ಇಲ್ಲಿಗೇ. ಕೈಯಲ್ಲಿ ಕರದಂಟಿನ ಡಬ್ಬ. ಮೇಲಿದ್ದ ಇವರು ಕೆಳಗಿಳಿಯುತ್ತಿರಲಿಲ್ಲ. “ಬಿಟ್ಟ್ ಬಂದಾವ್ನ ಮಾರಿ ನಾ ಯಾಕ್ ನೋಡ್ಲಿ?” ಎಂದು ಒಮ್ಮೆ ನನಗೆ ಹೇಳಿದ್ದರು, ಅಷ್ಟೇ. ಹಾಗಾಗಿ ಗೇಟಿಗೆ ಹೋಗಿ ‘ಅವರು ಮನೇಲಿಲ್ಲ’ ಎನ್ನುವುದು ನನ್ನ ಪಾಲಿಗೆ ಬಂದಿತ್ತು. ಸುಳ್ಳು ಹೇಳುವಾಗ ಕಾನ್ವೆಂಟಿನ ಸಿಸ್ಟರ್ ಎದುರು ನಿಂತ ಹಾಗೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಮೆಟ್ಟಿಲ ಬುಡದಲ್ಲಿ ಇವರ ಚಪ್ಪಲಿ ಕಾಣುವ ಹಾಗೇ ಇರುತ್ತಿತ್ತು. ಬಂದವರು ಅದನ್ನು ನೋಡುತ್ತಿದ್ದರು. ಡಬ್ಬ ನನ್ನ ಕೈಗಿಟ್ಟು, ಆರಾಮಾಗಿದ್ದಾರಲ್ಲ ಎಂದು ಕೇಳಿ ಹೊರಟುಬಿಡುತ್ತಿದ್ದರು.

ಇವರು ಕಂಪ್ಯೂಟರ್ ಆಟಕ್ಕೆ ಇಳಿದದ್ದು ತಮ್ಮ ಅಣ್ಣನ ಮಗನಿಂದ. ಯಶವಂತಪುರದಲ್ಲಿ ಕೆಲಸದಲ್ಲಿದ್ದ ಅವನು ಕಂಪ್ಯೂಟರಿನಲ್ಲಿ ಸೈನಿಕರಾಗಿ ಆಡುವ ಹುಡುಗರ ಗುಂಪೊಂದರಲ್ಲಿದ್ದ. ಒಬ್ಬೊಬ್ಬರು ಅವರವರ ಮನೆಯಲ್ಲೇ ಕೂತು, ಹೆಡ್‌ಫೋನಿನಲ್ಲಿ ಮಾತಾಡಿಕೊಂಡು, ಪರದೆಯ ಮೇಲಿನ ಬೆಟ್ಟಗಳಲ್ಲಿ ಒಟ್ಟಿಗೆ ಗಸ್ತು ತಿರುಗುವುದು. ಗುಂಡು ಹಾರಿಸುವುದಕ್ಕಿಂತ ಮೊದಲೇ ಯೋಜನೆ ಹಾಕುವುದೇ ದೊಡ್ಡ ಕೆಲಸವಂತೆ. ಯಾವ ದಾರಿ, ಎಲ್ಲಿ ನಿಲ್ಲಬೇಕು, ವಾಪಸ್ಸು ಹೇಗೆ. ಒಂದು ಭಾನುವಾರ ಅವನು ಅತ್ತೆಯ ಮನೆಯಲ್ಲಿ ಕೂತು ಆಡಿದ. ಇವರು ಹಿಂದೆ ನಿಂತು ನೋಡಿದರು. ಮುಂದಿನ ವಾರದ ಗಸ್ತಿನ ಯೋಜನೆಯನ್ನು ನಾನೇ ಹಾಕಿಕೊಡುತ್ತೇನೆಂದರು.

ಟೆರೇಸಿನ ಮೇಲೆ ನಾನು ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಇವರು ಒಂದು ಬುಟ್ಟಿ ಒದ್ದೆ ಮರಳು ತಂದು ಸುರಿದು ಬೆಟ್ಟ ಮಾಡಿದರು. ಸೈನ್ಯದಲ್ಲೂ ಹೊರಡುವ ಮೊದಲು ಹೀಗೇ ಮರಳಿನಲ್ಲಿ ಜಾಗ ಮಾಡಿ ತೋರಿಸುತ್ತಾರಂತೆ, ಗಂಡ ರಜೆಗೆ ಬಂದಾಗ ಅಂಗಳದಲ್ಲಿ ಮಾಡಿ ತೋರಿಸಿದ್ದರಂತೆ. ನೀಲಿ ರಂಗೋಲಿ ಪುಡಿಯಿಂದ ಹೊಳೆ ಎಳೆದರು. ಬೆರಳುಗಳ ನಡುವಿನಿಂದ ಪುಡಿ ಒಂದೇ ಸಮ ಇಳಿಯಿತು.

“ಅಕ್ಕಾರ, ಒಂದೀಟು ಕಾಳು ಕೊಡ್ರಿ. ಮಂದಿ ಬೇಕು.”

ನನ್ನ ಅವರೆಕಾಳುಗಳು ಸಾಲಾಗಿ ಬೆಟ್ಟ ಹತ್ತಿದವು.

ಆಗಲೇ ಅವರು ಐದು ಮಾತಿನ ವಿಷಯ ಹೇಳಿದ್ದು. ಗಸ್ತಿನಲ್ಲಿ ಗುಂಪು ಬಿಟ್ಟು ಹೋಗುವವರು ಐದು ಮಾತು ಹೇಳಿಯೇ ಹೋಗಬೇಕು. ಎಲ್ಲಿಗೆ ಹೋಗುತ್ತೇನೆ, ಯಾರನ್ನು ಕರೆದುಕೊಂಡು ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ, ನಡುವೆ ಶತ್ರು ಬಂದರೆ ಏನು ಮಾಡಬೇಕು. ಐದನೆಯದು, ನಾನು ಬರದಿದ್ದರೆ ನೀವೇನು ಮಾಡಬೇಕು. ಅದನ್ನು ಹೇಳುವಾಗ ಅವರು ಹೊಳೆಯ ದಡದ ಕಾಳೊಂದನ್ನು ಸುಮ್ಮನೆ ತಿರುಗಿಸುತ್ತಾ ಕೂತಿದ್ದರು…

ಅವರು ಹಾಕಿದ ಗಸ್ತಿನಲ್ಲಿ ಒಬ್ಬ ಹುಡುಗ ಹೊಳೆ ನೋಡಲು ಹೋಗುತ್ತಾನೆ, ಆಮೇಲೆ ಮಾತಾಡುವುದಿಲ್ಲ. ವಾಪಸ್ಸು ಬರಬೇಡ ಎಂದು ಅವನಿಗೆ ಮಾತ್ರ ಮೊದಲೇ ಹೇಳಿರುತ್ತಿದ್ದರು. ಮೊದಲ ಸಲ ಹುಡುಗರು ಅವನಿಗಾಗಿ ಕಾದರು. ಮಂಜು ಸರಿಯಿತು, ಎದುರು ಬೆಟ್ಟದ ಶತ್ರುಗಳಿಗೆ ಕಂಡುಬಿಟ್ಟರು, ಎಲ್ಲರೂ ಸತ್ತರು. ಮಚ್ಚಾ, ಅಕ್ಕ ನಮ್ಮನ್ನ ಸಾಯಿಸೋಕೇ ಕೂತಿದಾರೆ ಕಣೋ ಎಂದು ಅವರವರೇ ನಗಾಡಿದರು. ಇನ್ನೊಂದು ವಾರ ಹುಡುಕಲು ಹೋದವರನ್ನೂ ಹೊಳೆ ಎಳೆದುಕೊಂಡಿತು. ಇವರು ಮತ್ತೆ ಟೆರೇಸಿಗೆ ಬಂದು ಕಾಳುಗಳನ್ನು ಬೇರೆ ಥರ ಇಡುತ್ತಿದ್ದರು. ಮಂಜನ್ನು ಇನ್ನಷ್ಟು ಹೊತ್ತು ನಿಲ್ಲಿಸಿ ನೋಡಿದರು, ದಾರಿಯನ್ನು ಬಂಡೆಯ ಹಿಂದಕ್ಕೆ ಸರಿಸಿ ನೋಡಿದರು. ಅವರೆಯ ಕಾಲ ಮುಗಿಯುತ್ತಾ ಬಂದಾಗ ನನಗೆ ಅರ್ಥವಾಯಿತು. ಕಾದಿದ್ದರೆ ಎಲ್ಲರೂ ಬದುಕಿ ಬರುತ್ತಿದ್ದರು ಎನ್ನುವ ಒಂದೇ ಒಂದು ದಾರಿ ಅವರಿಗೆ ಬೇಕಿತ್ತು. ಅದು ಸಿಕ್ಕರೆ ಗೇಟಿಗೆ ಬರುವವರ ಮೇಲಿನ ಸಿಟ್ಟು ನ್ಯಾಯದ ಸಿಟ್ಟಾಗುತ್ತಿತ್ತು.

ಸಿಗಲಿಲ್ಲ. ಕೊನೆಗೆ ಹುಡುಗರೇ ಪಟ್ಟು ಹಿಡಿದರು. ಗಸ್ತು ಹಾಕಿದವರು ನೀವು, ಈ ಸಲ ಲೀಡ್ ಕೂಡ ನೀವೇ ಮಾಡಿ ಅಕ್ಕಾ ಎಂದರು. ಇವರು ನನ್ನ ಮಗಳ ಹೆಡ್‌ಫೋನ್ ಕೇಳಿ ಇಸಿದುಕೊಂಡು ಹೋದರು. ಭಾನುವಾರ ಮಧ್ಯಾಹ್ನ ನಾನೂ ಅವರ ಪಕ್ಕ ಕೂತಿದ್ದೆ. ಪರದೆಯ ತುಂಬ ಬಿಳಿ ಮಂಜು. ಹೊಳೆಗೆ ಹೋದ ಹುಡುಗ ಬರಲಿಲ್ಲ. ಹೊತ್ತು ಮೀರಿತು. ಕಾಯೋದಾ, ಹೋಗೋದಾ ಎಂದು ಹುಡುಗರು ಕೇಳುತ್ತಿದ್ದದ್ದು ನನಗೂ ಸಣ್ಣಗೆ ಕೇಳಿಸುತ್ತಿತ್ತು. ಇವರ ಕೈ ಸೀರೆಯ ಸೆರಗನ್ನು ಮಡಿಸಿತು, ಬಿಚ್ಚಿತು, ಮತ್ತೆ ಮಡಿಸಿತು.

“ನಡೀರಿ,” ಎಂದರು.

ಉಳಿದವರೆಲ್ಲ ವಾಪಸ್ಸಾದರು. ಆ ಗಸ್ತು ಮೊದಲ ಸಲ ಗೆದ್ದಿತ್ತು. ಹುಡುಗರು ಕೇಕೆ ಹಾಕುವಾಗ ಇವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಗಲಾಟೆ ನಿಂತ ಮೇಲೆ ಅದರೊಳಗಿಂದ ಒಂದೇ ದನಿ ಬಂತು. ಬಾಗಲಗುಂಟೆಯಲ್ಲೋ ಎಲ್ಲೋ ತನ್ನ ಕೋಣೆಯಲ್ಲಿ ಕೂತಿದ್ದ ಹುಡುಗ.

“ಅಕ್ಕಾ… ನಾನಿನ್ನೂ ಹೊಳೆ ಹತ್ರನೇ ಇದೀನಿ. ಬರ್ಲಾ?”

ಹುಡುಗ ಮತ್ತೆ ಕೇಳಿದ. ಇವರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದು, “ಬಾರಪಾ,” ಎಂದರು. “ಆಟ ಮುಗೀತು.”

ಮಾರನೆಯ ದಿನ ಹೆಡ್‌ಫೋನ್ ತಂದುಕೊಟ್ಟರು. ಮತ್ತೆ ಆಡಲಿಲ್ಲ.

ಮುಂದಿನ ಸಂಕ್ರಾಂತಿಗೆ ಗೇಟಿನ ಸದ್ದಾದಾಗ ನಾನು ಏಳುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬಂದವರು ಡಬ್ಬ ಹಿಡಿದು ನಿಂತೇ ಇದ್ದರು. ಇವರು ಒಂದೇ ಪ್ರಶ್ನೆ ಕೇಳಿದರು, ಎಷ್ಟು ಹೊತ್ತು ಕಾದಿರಿ ಎಂದು.

“ಅಂವಾ ಹೇಳಿ ಹೋದದ್ದಕ್ಕಿಂತ ಜಾಸ್ತಿನ ಕಾದ್ವಿ, ವೈನಿ. ಆಮ್ಯಾಲೆ ನಡೀರಿ ಅಂತ ನಾನ ಅಂದೆ.”

“ಗೊತ್ತೈತ್ರಿ. ನಾನೂ ಅಂದೇನಿ.”

ಅವರಿಗೆ ಏನು ಅರ್ಥವಾಯಿತೋ ತಿಳಿಯದು. ಮೇಲೆ ಹೋಗಿ ಟೀ ಕುಡಿದು ಹೋದರು. ಅದರ ಮರುವರ್ಷವೂ ಬಂದು ಟೀ ಕುಡಿದು ಹೋದರು.

ಕಳೆದ ಮಳೆಗಾಲದಲ್ಲಿ ಇವರಿಗೆ ಮೈ ಹುಷಾರು ತಪ್ಪಿತು, ತಂಗಿಯ ಊರಿಗೆ ಹೋದರು. ಆಟೋ ಹತ್ತುವ ಮುಂಚೆ ನಾನು ತಮಾಷೆಗೆ, ಐದು ಮಾತು ಹೇಳಿ ಹೋಗಿ ಎಂದೆ. ಎಲ್ಲಿಗೆ, ಯಾರ ಜೊತೆ, ಯಾವಾಗ ಬರೋದು ಎಲ್ಲ ಹೇಳಿದರು. ಕೊನೆಯದಕ್ಕೆ ನಕ್ಕು ನನ್ನ ಕೈ ಅದುಮಿದರು… ದಸರಾ ಹೊತ್ತಿಗೆ ಅಣ್ಣನ ಮಗ ಫೋನ್ ಮಾಡಿ, ಅತ್ತೆ ತೀರಿಕೊಂಡರು ಎಂದ. ಆಮೇಲೆ ಬಂದು ಮನೆ ಖಾಲಿ ಮಾಡಿಕೊಂಡು ಹೋದ.

ಇವತ್ತು ಬೆಳಿಗ್ಗೆ ಗೇಟಿನ ಸದ್ದಾಯಿತು. ಕರದಂಟಿನ ಡಬ್ಬ ಹಿಡಿದು ಅವರು ನಿಂತಿದ್ದರು. ಅವರಿಗೆ ಯಾರೂ ತಿಳಿಸಿರಲಿಲ್ಲ. ನನ್ನ ಬಾಯಿಗೆ ಹಳೆಯ ಮಾತೇ ಬಂತು.

“ಅವರು ಮನೇಲಿಲ್ಲ.”

ಅವರು ಮೆಟ್ಟಿಲ ಬುಡ ನೋಡಿದರು. ಅಲ್ಲಿ ಹೊಸ ಬಾಡಿಗೆಯವರ ಹೆಂಡತಿಯ ಚಪ್ಪಲಿ ಇತ್ತು.

“ಮತ್ತ ಸಿಟ್ಟಾಗ್ಯಾರೇನ್ರಿ?” ಎಂದು ನಕ್ಕು, ಚೀಲ ಪಕ್ಕಕ್ಕಿಟ್ಟು ಮೊದಲ ಮೆಟ್ಟಿಲ ಮೇಲೆ ಕೂತರು. “ಇರ್ಲಿ ತಗೋರಿ. ಈ ಸಲ ಕಾಯ್ತೀನಿ.”

ನಾನು ಒಳಗೆ ಬಂದು ಟೀಗೆ ನೀರಿಟ್ಟೆ. ಹೇಳಲೇಬೇಕು. ಲೋಟ ಅವರ ಕೈಗೆ ಕೊಡುವಾಗ ಹೇಳಿಬಿಡಬೇಕು. ಆದರೆ ಒಲೆಯನ್ನು ಸಣ್ಣಗೆ ಮಾಡಿದೆ. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ನೀರು ಕುದಿಯುವಷ್ಟು ಹೊತ್ತಾದರೂ ಕಾಯಲಿ…