ಹತ್ತು ಆಟ ಮುಗಿಯಲಿ ಅಂದವನು

ಸಕ್ಕರೆ ಕಾಯಿಲೆ ಮೇಸ್ತ್ರಿಯನ್ನು ಕೊಂದಿತು ಎಂದು ಸಿರುಗುಪ್ಪದಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಸಕ್ಕರೆ ನಮ್ಮ ಓಣಿಯಲ್ಲಿ ಮನೆಗೊಬ್ಬರಿಗೆ ಇದೆ, ನನಗೂ ಇದೆ. ಅವನನ್ನು ಕೊಂದದ್ದು ಅವನ ಹಟ. ಆ ಹಟಕ್ಕೆ ಹೂಂ ಅಂದವಳು ನಾನು.

ಹೋದ ವಾರ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ಐಸ್ ಗಡ್ಡೆ ಇಳಿಸುತ್ತಿದ್ದರು. ಕರಗದಿರಲೆಂದು ಅದಕ್ಕೆ ಭತ್ತದ ಹೊಟ್ಟು ಮುಚ್ಚಿ ತರುತ್ತಾರಲ್ಲ, ಆ ಹಸಿ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬಾಯಿಗೆ ಹೋಗುತ್ತಿದ್ದ ತುತ್ತು ಹಾಗೇ ನಿಂತಿತು. ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತರೆ ಇದೇ ವಾಸನೆ...

ಅವನು ಐಸ್ ಫ್ಯಾಕ್ಟರಿಯ ಮೇಸ್ತ್ರಿ. ನಮ್ಮ ಮನೆಗೆ ಎರಡು ಮನೆ ಆಚೆ ಇದ್ದ. ನಾನು ಮನೆಯ ಮುಂದೆಯೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿ ಇಟ್ಟವಳು. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚುವಷ್ಟರಲ್ಲಿ ಅವನು ಬೆಂಚಿನ ಮೇಲೆ ಬಂದು ಕೂತಿರುತ್ತಿದ್ದ. ಮಂಡಕ್ಕಿ ಡಬ್ಬಿಗೆ ಫೋನು ಆನಿಸಿ ಐಸಿನ ಮೇಲೆ ಆಡುವ ಹಾಕಿ ಆಟ ನೋಡುತ್ತಿದ್ದ. ನಮ್ಮ ಬೆಳಗು ಅದನ್ನು ಆಡುವ ಹೊರದೇಶದವರಿಗೆ ರಾತ್ರಿಯಂತೆ, ಅವರು ಉಂಡು ಆಟಕ್ಕೆ ಕೂರುವ ಹೊತ್ತು. ಗಿರಾಕಿಗಳು ಮಿರ್ಚಿ ಕೇಳಿದರೆ ಇವನು ಅಡ್ಡಬಾಯಿ ಹಾಕಿ "ತಡೀರಿ, ಗೋಲಾಗೋ ಹೊತ್ತು" ಅನ್ನುತ್ತಿದ್ದ. ನನ್ನ ಅಂಗಡಿ, ಇವನ ದರಬಾರು.

ಈ ಹುಚ್ಚು ಅವನಿಗೆ ಆಟದಿಂದ ಹತ್ತಿದ್ದಲ್ಲ. ಯಾರೋ ಫೋನಿನಲ್ಲಿ ತೋರಿಸಿದಾಗ, ಕೋಲು ಹಿಡಿದು ಜಾರುವ ಗಂಡಸರನ್ನು ಅವನು ನೋಡಲೇ ಇಲ್ಲ. ಆಟ ನಿಂತಾಗ ಒಂದು ಗಾಡಿ ಬಂದು ಐಸಿನ ಮೇಲೆ ನೀರು ಬಿಟ್ಟು ನಯ ಮಾಡಿ ಹೋಯಿತು. ಇವನು ಎದ್ದು ನಿಂತುಬಿಟ್ಟ.

"ಯಕ್ಕಾ, ಕಾದ ನೀರು ಬಿಡ್ತಾರ ನೋಡು! ಕಾದ ನೀರಿನ ಐಸು ಗಾಜಿನಂಗ ಆಗತೈತಿ. ಇವರಿಗೆ ಕೆಲಸ ಗೊತ್ತೈತಿ."

ಮೂವತ್ತು ವರ್ಷ ಐಸ್ ಮಾಡಿದವನಿಗೆ, ತಾನು ಮಾಡುವ ವಸ್ತುವಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ಅಂದೇ ಮೊದಲು ನೋಡಿದಂತಾಗಿತ್ತು. ನಮ್ಮಲ್ಲಿ ಅವನ ಐಸನ್ನು ಮೀನಿನ ಮೇಲೆ ಸುರಿಯುತ್ತಿದ್ದರು.

ಪಕ್ಕದಲ್ಲಿ ಕೂತ ಹಮಾಲಿ ಒಬ್ಬ, "ಮೇಸ್ತ್ರಿ, ಕ್ರಿಕೆಟ್ ಹಾಕೋ ಮಾರಾಯ" ಅಂದರೆ, "ಬಿಸಿಲಾಗ ನಿಂತು ಚೆಂಡು ಕಾಯೋದಕ್ಕ ಆಟ ಅಂತಾರೇನಲೇ? ಅದಕ್ಕ ದನ ಕಾಯೋದು ಅಂತಾರ" ಅನ್ನುತ್ತಿದ್ದ.

ನೀಲಿ ಅಂಗಿಯವರು ಅವನ ತಂಡ. ಭತ್ತ ತೆನೆ ಕಟ್ಟುವ ಹೊತ್ತಿಗೆ ಅವರ ಹಂಗಾಮು ಶುರು. ಆ ವರ್ಷ ಮೊದಲ ಐದರಲ್ಲಿ ನಾಲ್ಕು ಸೋತರು. ದೊಡ್ಡ ಹೆಸರಿನ ಆಟಗಾರನೊಬ್ಬನನ್ನು ತಂದಿದ್ದರಂತೆ. ಅವನು ಮದುವೆ ಮನೆಯ ಬೀಗನ ಹಾಗೆ ತಿರುಗುತ್ತಾನೆ, ಬೆವರೇ ಬರುವುದಿಲ್ಲ ಎಂದು ಮೇಸ್ತ್ರಿಯ ದೂರು. ಎದುರು ತಂಡದವನೊಬ್ಬ ತಪ್ಪು ಮಾಡಿ ಹೊರಗೆ ಕೂತರೆ ಇವರು ಐದು ಮಂದಿ, ಅವರು ನಾಲ್ಕು. ಆಗಲೂ ಇವರಿಗೆ ಗೋಲು ಹೊಡೆಯಲು ಬರುವುದಿಲ್ಲ. ಹೊಸ ಕೋಚು ಯಾರ ಜೊತೆ ಯಾರು ಆಡಬೇಕೆಂದು ದಿನಕ್ಕೊಂದು ಜೋಡಿ ಬದಲಾಯಿಸುತ್ತಾನೆ. ಇಷ್ಟೆಲ್ಲ ತಾನೇ ಬೈಯುತ್ತಿದ್ದ. ಆದರೆ ಬೇರೆಯವರು ಬೈದರೆ ಬೆಂಕಿ. ಫೋನಿನೊಳಗಿನ ಮಾತಿನ ಮಲ್ಲರು ಈ ವರ್ಷದ ಕತೆ ಮುಗಿಯಿತು, ಗೋಲು ಕಾಯುವವನನ್ನು ತೆಗೆಯಿರಿ ಎಂದಾಗ ಇವನು ಬೆಂಚು ಗುದ್ದಿದ.

"ಐದಾಟಕ್ಕ ಮಣ್ಣು ಹಾಕಾಕ ಬಂದಾರ! ಇನ್ನ ಅಲ್ಲಿ ಹೊರಗ ಸೆಕಿ ಐತಿ, ಐಸು ಮೆತ್ತಗೈತಿ, ಬಿಲ್ಲೆ ಪುಟಿಯಾಕತ್ತೈತಿ. ಹತ್ತು ಆಟ ಆಗಲಿ. ಅಲ್ಲೀತನ ಬಾಯಿ ಮುಚ್ಚಬೇಕು."

ಬಿಲ್ಲೆ ಎಂದರೆ ಅವರು ಚೆಂಡಿನ ಬದಲು ಹೊಡೆಯುವ ಕರಿ ರಬ್ಬರು.

ಹತ್ತು ಆಟ ಎಂಬ ಲೆಕ್ಕ ಅವನ ಕಸುಬಿನಿಂದ ಬಂದದ್ದು. ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ನೀರು ತುಂಬಿದ ತಗಡಿನ ಡಬ್ಬಿ ಇಳಿಸಿದರೆ ಎರಡು ದಿನ ಮುಟ್ಟಬಾರದು. ಮೇಲೆ ಗಟ್ಟಿಯಾಯಿತೆಂದು ಆತುರಪಟ್ಟು ಎತ್ತಿದರೆ ಗಡ್ಡೆಯ ಹೊಟ್ಟೆಯಲ್ಲಿ ನೀರು ಇರುತ್ತದೆ, ಗಾಡಿಯಲ್ಲೇ ಒಡೆಯುತ್ತದೆ. ಎಲ್ಲವನ್ನೂ ಅವನು ಹೀಗೇ ಕಾಯುತ್ತಿದ್ದ. ಜ್ವರ ಬಂದರೂ ಕಾಯುತ್ತಿದ್ದ. ಐಸಿಗೆ ಅದು ಸರಿ, ಆಟಕ್ಕೂ ಸರಿ ಇರಬಹುದು. ಮೈಗೆ ಸರಿಯಲ್ಲ ಎಂಬುದು ಆ ದಡ್ಡನಿಗೆ ಹೊಳೆಯಲಿಲ್ಲ.

ಆರನೇ ಆಟದ ಹಿಂದುಮುಂದು ಅವನ ಹೆಂಡತಿ ನನ್ನ ಅಡುಗೆಮನೆಗೆ ಬಂದಳು. ಗಡ್ಡೆ ಎಳೆಯುವ ಕೊಕ್ಕೆ ಬಡಿದು ಅವನ ಕಾಲಿನ ಕಿರುಬೆರಳ ಪಕ್ಕ ಗಾಯವಾಗಿದೆಯಂತೆ. ಹಳೇ ಪಂಚೆ ಹರಿದು ಸುತ್ತಿಕೊಂಡಿದ್ದಾನೆ, ಬಿಚ್ಚಲು ಬಿಡುವುದಿಲ್ಲ. "ನನ್ನ ಮಾತು ಕೇಳಂಗಿಲ್ಲ. ನೀ ಬೈದ್ರ ಕೇಳ್ತಾನ ಯಕ್ಕಾ" ಅಂದಳು.

ಮರುದಿನ ಬೆಂಚಿಗೆ ಬಂದ ಕೂಡಲೇ ಹಿಡಿದುಕೊಂಡೆ. "ಬಳ್ಳಾರಿ ದವಾಖಾನಿಗೆ ಹೋಗಾಕ ಏನು ದಾಡಿ ನಿನಗ?"

"ನೋವೇ ಇಲ್ಲಬೇ. ನೋವಿದ್ರ ಹೋಗತಿದ್ನಿಲ್ಲೇನು?"

ಮೂವತ್ತು ವರ್ಷ ಉಪ್ಪುನೀರಿನ ತಣ್ಣನೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಕಾಲು. ಐಸಿನವರ ಕಾಲು ಮರಗಟ್ಟುವುದು ಸಹಜ ಎಂದು ಅವನು ತಿಳಿದಿದ್ದ. ಒಳಗಿನಿಂದ ಸಕ್ಕರೆಯೂ ಅದೇ ಕಾಲನ್ನು ಮರಗಟ್ಟಿಸುತ್ತಿತ್ತು ಎಂಬುದು ಅವನಿಗೂ ಗೊತ್ತಿಲ್ಲ, ಮೂರನೇ ಕ್ಲಾಸು ಓದಿದ ನನಗೂ ಗೊತ್ತಿಲ್ಲ. ಜಗ್ಗಾಡಿದೆವು. ಕೊನೆಗೆ ಅವನೇ ಅಂದ: "ಇನ್ನ ನಾಕಾಟ ಅದಾವು. ಹತ್ತಾಗಲಿ. ಹನ್ನೊಂದನೇದಕ್ಕ ನೀನ ಕರಕೊಂಡು ನಡಿ."

ಒಲೆ ಮೇಲೆ ಎಣ್ಣೆ ಕಾದಿತ್ತು, ಎಂಟು ಮಂದಿ ಗಿರಾಕಿ ನಿಂತಿದ್ದರು. "ಹೂಂ, ಹಂಗಾದ್ರ ಹಂಗ" ಅಂದುಬಿಟ್ಟೆ. ಒಪ್ಪಿಸಿದೆನೆಂದು ಅವನ ಹೆಂಡತಿಯ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ.

ನಾಲ್ಕು ಆಟ ಎಂದರೆ ನಾಲ್ಕು ದಿನ ಎಂದುಕೊಂಡಿದ್ದೆ. ಆ ಮಂದಿ ದಿನಾ ಆಡುವುದಿಲ್ಲ. ಒಂದು ಆಡುತ್ತಾರೆ, ಎರಡು ದಿನ ಮಲಗುತ್ತಾರೆ, ವಿಮಾನ ಹತ್ತಿ ಇನ್ನೊಂದೂರಿಗೆ ಹೋಗುತ್ತಾರೆ. ಹನ್ನೊಂದು ದಿನ ಹಿಡಿಯಿತು. ಎಂಟನೆಯದು ಗೆದ್ದರು, ಒಂಬತ್ತನೆಯದೂ ಗೆದ್ದರು. "ನಾ ಹೇಳಿದ್ನಿಲ್ಲೇನು!" ಎಂದು ಎಲ್ಲರ ತಲೆ ತಿಂದ. ಅಷ್ಟರಲ್ಲಿ ಹೊಟ್ಟಿನ ವಾಸನೆಯ ಒಳಗಿನಿಂದ ಇನ್ನೊಂದು ವಾಸನೆ ಬರತೊಡಗಿತ್ತು. ಎಣ್ಣೆ ಕಮಟಿತೇನೋ ಎಂದು ನಾನು ಎಣ್ಣೆ ಬದಲಾಯಿಸಿದೆ... ಎಣ್ಣೆಯಲ್ಲ.

ಹತ್ತನೆಯ ಆಟದ ದಿನ ಅವನು ಬೆಂಚಿಗೆ ಬರಲಿಲ್ಲ. ನಾನೇ ಹೋಗಿ ಪಂಚೆಯ ಸುತ್ತು ಬಿಚ್ಚಿದೆ. ಬೆರಳು ಮೂರು ಕಪ್ಪಾಗಿದ್ದವು. ಆಟೋದಲ್ಲಿ ಬಳ್ಳಾರಿಗೆ ಒಯ್ದೆವು. ಹತ್ತು ಹನ್ನೊಂದು ದಿನ ಮೊದಲು ಬಂದಿದ್ದರೆ ಒಂದು ಬೆರಳಲ್ಲಿ ಮುಗಿಯುತ್ತಿತ್ತು ಎಂದರು ಡಾಕ್ಟರು. ಮೊಣಕಾಲಿನವರೆಗೆ ತೆಗೆದರು.

ವಾರ್ಡಿನಲ್ಲಿ ಎಚ್ಚರವಾದಾಗ ಅವನು ಕಾಲು ಕೇಳಲಿಲ್ಲ. ಹತ್ತನೆಯದರಲ್ಲಿ ಏನಾಯಿತು ಎಂದು ಕೇಳಿದ. ಸೋತರು ಎಂದು ನರ್ಸೊಬ್ಬಳು ಫೋನಿನಲ್ಲಿ ನೋಡಿ ಹೇಳಿದಳು. ಅವನು ತಾನು ಕಾದಿಟ್ಟ ತೀರ್ಪು ಕೊಟ್ಟ.

"ಗೋಲು ಕಾಯೋನ ತಪ್ಪಿಲ್ಲಬೇ. ಮುಂದ ಓಡಿದವರು ಹಿಂದಕ ಬರಂಗಿಲ್ಲ. ಅವನೊಬ್ಬನ ಎಷ್ಟಂತ ತಡೀತಾನ?"

ನಂಜು ರಕ್ತಕ್ಕೆ ಹೋಗಿತ್ತು. ಐದನೆಯ ದಿನ ಹೋದ.

ಈಗ ಮತ್ತೆ ಭತ್ತ ತೆನೆ ಕಟ್ಟಿದೆ. ಆ ಮಂದಿ ಎಲ್ಲೋ ಐಸಿನ ಮೇಲೆ ಜಾರುತ್ತಿರಬೇಕು. ನೀಲಿ ಅಂಗಿಯವರು ಸೋತರೋ ಗೆದ್ದರೋ ನನಗೆ ಬೇಕಾಗಿಲ್ಲ. ಗಿರಾಕಿಗಳು ಮಿರ್ಚಿ ಕೇಳಿದ ತಕ್ಷಣ ಕೊಡುತ್ತೇನೆ, ಯಾರೂ ತಡೆಯುವುದಿಲ್ಲ. ವ್ಯಾಪಾರ ಚೆನ್ನಾಗಿದೆ. ಬೈಯಲು ತಕ್ಕ ಮನುಷ್ಯ ಮಾತ್ರ ಆಮೇಲೆ ಸಿಗಲಿಲ್ಲ... ಅಷ್ಟು ಮಾತ್ರ ನಿಜ.

ಅತ್ತು ಕೂರುವ ಜಾತಿ ನನ್ನದಲ್ಲ. ಅವನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ನೇರ ಐಸ್ ಫ್ಯಾಕ್ಟರಿಗೆ ಹೋದೆ. ನಾಲ್ವರು ಗಂಡಸರು ಗಡ್ಡೆ ಎಳೆಯುತ್ತಿದ್ದರು. ಕೆಲಸ ನಿಲ್ಲಿಸಿ, ಕಟ್ಟೆಯ ಮೇಲೆ ಸಾಲಾಗಿ ಕೂತು ಕಾಲು ಎತ್ತಿರಿ ಎಂದೆ.

"ಯಾಕಬೇ ಯಮ್ಮಾ, ಕುದುರಿ ಕೊಳ್ಳಾಕ ಬಂದೀಯೇನು?" ಎಂದು ಒಬ್ಬ ನಕ್ಕ. ಐವತ್ತು ದಾಟಿದವನು.

ಒಬ್ಬೊಬ್ಬರ ಅಂಗಾಲನ್ನೂ ಸೆರಗಿನಿಂದ ಒರೆಸಿ ನೋಡಿದೆ. ಮೂವರದು ಸರಿಯಾಗಿತ್ತು. ನಕ್ಕವನ ಹಿಮ್ಮಡಿಯಲ್ಲಿ ತಗಡಿನ ಚೂರೊಂದು ಹೂತು ಕೂತಿತ್ತು, ಸುತ್ತ ಕೀವು. ಬೆರಳಿನಿಂದ ಒತ್ತಿದೆ. ಅವನು ಇನ್ನೂ ನಗುತ್ತಲೇ ಇದ್ದ.

"ನೋವೇ ಇಲ್ಲಬೇ. ಈ ಲೋಡ್ ಕಳಿಸಿ ನಾಳಿ ಹೋಗ್ತನಿ."

ಅವನ ರೆಟ್ಟೆ ಹಿಡಿದು ಎಬ್ಬಿಸಿ, ಎಂಟೂವರೆಯ ಬಳ್ಳಾರಿ ಬಸ್ಸು ಹತ್ತಿಸಿದೆ.