ಬೆಟ್ಟದ ಹಿಂದೆ ಉಳಿದ ಚಂದ್ರ

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿರುವ ಮಗಳ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಅಕ್ಟೋಬರ್ ತಿಂಗಳು, ಕಿವಿ ಕಚ್ಚುವ ಚಳಿ. ಬೆಟ್ಟಗಳ ಕಡೆಗೆ ಸಣ್ಣ ಪ್ರವಾಸ, ಮೂವರು ಹೋಗಬೇಕಾಗಿತ್ತು. ಆದರೆ ಮಗಳು ಸುಧಾ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಹಿಂದಿನ ಸಂಜೆ ಅವಳ ಡ್ಯೂಟಿಯ ಪಾಳಿ ಬದಲಾಯಿತು. ಹೋಟೆಲಿಗೆ ಮೊದಲೇ ದುಡ್ಡು ಕಟ್ಟಿ ಆಗಿತ್ತು. ಒಂದು ರಾತ್ರಿ ತಾನೇ, ನೀವಿಬ್ಬರೇ ಹೋಗಿಬನ್ನಿ ಎಂದು ನಮ್ಮನ್ನು ಸ್ಟೇಷನ್ನಿನಲ್ಲಿ ಬಿಟ್ಟು ಡ್ಯೂಟಿಗೆ ಓಡಿದಳು.

ನಾನು ಚಿಂತಾಮಣಿ ಕಡೆ ಬಸ್ ಕಂಡಕ್ಟರಾಗಿದ್ದವನು. ಜೀವನವೆಲ್ಲ ಬೇರೆಯವರನ್ನು ಅವರವರ ಸ್ಟಾಪಿನಲ್ಲಿ ಇಳಿಸಿದ್ದೇನೆ. ಇಲ್ಲಿ ನಾನೇ ಎಲ್ಲಿ ಇಳಿಯಬೇಕೋ ಎಂಬ ಭಯ ಶುರುವಾಯಿತು. ಮೂವತ್ತು ದಾಟಿದ ಮೇಲೆ ಎಸ್‌ಎಸ್‌ಎಲ್‌ಸಿ ಪಾಸು ಮಾಡಿದವನು ನಾನು. ಇಂಗ್ಲಿಷನ್ನು ಓದಿದರೆ ಗೊತ್ತಾಗುತ್ತದೆ, ಕಿವಿಗೆ ಬಿದ್ದರೆ ಜಾರಿಹೋಗುತ್ತದೆ. ಮ್ಯಾಂಚೆಸ್ಟರಿನಲ್ಲಿ ರೈಲು ಬದಲಾಯಿಸಬೇಕಿತ್ತು. ಪ್ಲಾಟ್‌ಫಾರಂ ನಂಬರನ್ನು ಮೂರು ಜನರ ಹತ್ತಿರ ಕೇಳಿ, ಮೂವರೂ ಒಂದೇ ನಂಬರ್ ಹೇಳಿದ ಮೇಲೆ ಹತ್ತಿದೆ.

ರೈಲಿನಲ್ಲಿ ಚೀಸ್ ಸ್ಯಾಂಡ್‌ವಿಚ್ ಬಿಚ್ಚಿ ನನ್ನ ಹೆಂಡತಿ ಕಮಲಾಳ ಮುಂದೆ ಹಿಡಿದೆ. ಅವಳು ಕೈ ಅಡ್ಡ ಮಾಡಿದಳು.

"ನೀವು ತಿನ್ನಿ. ನಂಗೆ ಇವತ್ತು ಸಂಕಷ್ಟಿ."

ಸಂಕಷ್ಟಿಯೆಂದರೆ ನಮ್ಮವಳಿಗೆ ಚಂದ್ರನನ್ನು ಕಣ್ಣಾರೆ ನೋಡುವವರೆಗೂ ಊಟವಿಲ್ಲ. ಊರಿನಲ್ಲಿ ಅದೇನೂ ಕಷ್ಟವಾಗಿರಲಿಲ್ಲ. ತಾರಸಿಗೆ ಹೋಗಿ ನೋಡಿ ಬಂದು ಎಲೆ ಹಾಕುತ್ತಿದ್ದಳು. ಆದರೆ ಈಚೆಗೆ ಅವಳಿಗೆ ಶುಗರ್ ಇದೆ. ಬೆಳಗಿನ ಮಾತ್ರೆ ಏನು ಮಾಡಿದೆ ಎಂದು ಕೇಳಿದೆ. ಅಭ್ಯಾಸಬಲದಿಂದ ನುಂಗಿಬಿಟ್ಟಿದ್ದಳು. ಮೇಲೆ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು, ಅಷ್ಟೇ. ಮಾತ್ರೆ ನುಂಗಿದರೆ ಊಟ ಮಾಡಲೇಬೇಕು, ಇಲ್ಲದಿದ್ದರೆ ಶುಗರ್ ತೀರಾ ಇಳಿದುಬಿಡುತ್ತದೆ ಎಂದು ಸುಧಾ ನೂರು ಸಲ ಹೇಳಿದ್ದಳು. ಸಂಕಷ್ಟಿಯ ವಿಷಯವನ್ನು ಇವಳು ಮಗಳಿಗೆ ಹೇಳಿಯೇ ಇರಲಿಲ್ಲ. ಸ್ಯಾಂಡ್‌ವಿಚ್ ಮತ್ತೆ ಸುತ್ತಿ ಚೀಲದಲ್ಲಿಟ್ಟೆ.

ಪೆನ್ರಿತ್ ಎಂಬಲ್ಲಿ ಇಳಿದು ಕೆಸಿಕ್ ಊರಿಗೆ ಬಸ್ಸು, ಅಲ್ಲಿಂದ ಕೆರೆಯ ದಂಡೆ ಹಿಡಿದು ಇನ್ನೊಂದು ಬಸ್ಸು. ಕೆರೆಯೆಂದರೆ ಸಣ್ಣದಲ್ಲ, ಮಧ್ಯೆ ದ್ವೀಪಗಳಿದ್ದವು. ಸುತ್ತಲೂ ಬೆಟ್ಟ. ಬಸ್ಸಿನ ಎರಡೂ ಕಡೆ ಕಲ್ಲಿನ ಗೋಡೆ ಎಷ್ಟು ಹತ್ತಿರವಿತ್ತೆಂದರೆ ಕೈ ಹೊರಗೆ ಹಾಕಿದ್ದರೆ ಸವೆದುಹೋಗುತ್ತಿತ್ತು. ಆ ಡ್ರೈವರನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೋಟೆಲು ಕಾಡಿನ ನಡುವೆ ಇತ್ತು. ಮರದ ಮನೆ, ಟೀವಿ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಬಾವಲಿಗಳಿಗೆ ತೊಂದರೆ ಆಗಬಾರದೆಂದು ಹೊರಗಿನ ದೀಪವನ್ನೂ ಹಚ್ಚುವುದಿಲ್ಲ. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು ಯಜಮಾನಿ. ಆಕೆ ಕಿಟಕಿಯಿಂದ ಬೆಟ್ಟಗಳನ್ನು ತೋರಿಸಿ, ಇವೆಲ್ಲ ಜ್ವಾಲಾಮುಖಿ ಉಗುಳಿದ ಕಲ್ಲು ಎಂದು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು. ಮತ್ತೆ ಉಗುಳುತ್ತದೆಯೇ ಎಂದು ಕೇಳಿದೆ. ಅದು ತಣ್ಣಗಾಗಿ ಕೋಟ್ಯಂತರ ವರ್ಷವಾಯಿತು, ಊಟದ ಹೊತ್ತಿಗಂತೂ ಏಳುವುದಿಲ್ಲ ಎಂದು ನಕ್ಕಳು. ಕಮಲಾಳಿಗೆ ಕನ್ನಡದಲ್ಲಿ ಹೇಳಿದೆ. "ಜ್ವಾಲಾಮುಖಿ ಪಕ್ಕ ಮಲಗಿಸೋಕೆ ನಮ್ಮ ಮಗಳು ದುಡ್ಡು ಬೇರೆ ಕೊಟ್ಟಿದಾಳೆ," ಅಂದಳು. ನಗುತ್ತಿದ್ದಳು, ಆದರೆ ಮಂಚದ ಅಂಚನ್ನು ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಸ್ವಲ್ಪ ದೂರ ನಡೆದೆವು. ನೀರು ಕಪ್ಪಗೆ, ಅಲ್ಲಾಡದೆ ನಿಂತಿತ್ತು. ಕೆಂಪು ಅಳಿಲೊಂದು ನಮ್ಮನ್ನು ನೋಡಿ ಮರ ಹತ್ತಿತು. ಬೇರೆ ದಿನವಾಗಿದ್ದರೆ ಅದನ್ನೆಲ್ಲ ಚೆನ್ನಾಗಿ ನೋಡುತ್ತಿದ್ದೆ. ಅವತ್ತು ನಾನು ನೋಡಿದ್ದು ಪೂರ್ವದ ಬೆಟ್ಟವನ್ನು. ಗೋಡೆ ಕಟ್ಟಿದ ಹಾಗಿತ್ತು. ಚಂದ್ರ ಹುಟ್ಟಿದರೂ ಅದರ ತಲೆ ದಾಟಿ ನಮಗೆ ಕಾಣಲು ಎಷ್ಟು ಹೊತ್ತೋ. ಕಮಲಾ ಊರಿಂದ ತಂದಿದ್ದ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಬರೆದಿತ್ತು, ಆದರೆ ಅದು ಬೆಂಗಳೂರಿನ ಚಂದ್ರನದು.

ಸಂಜೆ ಮೋಡ ಇಳಿಯಿತು. ಊಟದ ಕೋಣೆಯಲ್ಲಿ ಎಲ್ಲರೂ ಆಲೂಗಡ್ಡೆ ಕಡುಬಿನಂಥದ್ದೇನೋ ತಿನ್ನುತ್ತಿದ್ದರು. ನಾವಿಬ್ಬರು ಹೊರಗೆ ಬೆಂಚಿನ ಮೇಲೆ, ಕಂಬಳಿ ಹೊದ್ದು, ಕಾಣದ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದೆವು. ಅವಳು ಮನೆಯಿಂದ ತಂದಿದ್ದ ಸಿಹಿ ಅವಲಕ್ಕಿಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವಳ ಕೈ ಮುಟ್ಟಿದೆ. ಅಂಥ ಚಳಿಯಲ್ಲಿ ಅಂಗೈ ಒದ್ದೆ, ಬೆರಳು ನಡುಗುತ್ತಿತ್ತು.

"ಒಂದು ತುತ್ತು ಬಾಯಿಗೆ ಹಾಕ್ಕೋ ಕಮಲಾ. ದೇವರಿಗೆ ಮೋಡ ಕಾಣಲ್ವಾ?"

"ಇಷ್ಟು ವರ್ಷ ಮಾಡಿದೀನಿ ರೀ. ಇಲ್ಲಿಗೆ ಬಂದು ಬಿಡಲಾ?"

ಮಾತು ಎಳೆದೆಳೆದು ಬರುತ್ತಿತ್ತು. ಅವಳನ್ನು ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋಗಿ, ಅಡುಗೆಮನೆ ಪಕ್ಕದ ಫೋನ್ ತೋರಿಸಿ, ಮಗಳು ಡಾಕ್ಟರ್, ಹೆಂಡತಿಗೆ ಶುಗರ್ ಎಂದು ಮಾರ್ಗರೆಟ್‌ಗೆ ಹೇಳಿದೆ. ಆಕೆ ಕುರ್ಚಿ ಎಳೆದಳು, ನಂಬರ್ ಒತ್ತಿಕೊಟ್ಟಳು, ಒಂದು ಲೋಟ ಕಿತ್ತಳೆ ರಸ ತಂದಿಟ್ಟಳು. ಕಮಲಾ ಅದನ್ನು ಮುಟ್ಟಲಿಲ್ಲ.

ಸುಧಾ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಬೆವರುತ್ತಿದ್ದಾಳಾ, ಮಾತು ತೊದಲುತ್ತಿದೆಯಾ ಎಂದು ಕೇಳಿ, ಫೋನ್ ಅಮ್ಮನ ಕಿವಿಗೆ ಹಿಡಿ ಎಂದಳು. ನಾನೂ ಕಿವಿ ಹತ್ತಿರ ತಂದೆ.

"ಅಮ್ಮ, ಇಲ್ಲಿ ಚಂದ್ರ ಬಂದಿದಾನೆ. ನಾನು ವಾರ್ಡಿನ ಕಿಟಕೀಲಿ ನೋಡ್ತಾ ಇದೀನಿ."

ಕಮಲಾ ಕಣ್ಣು ಮುಚ್ಚಿದ್ದಳು. "ಹೇಗಿದಾನೆ?"

"ಕೆಂಪಗಿದಾನೆ. ಮೇಲ್ಗಡೆ ಸ್ವಲ್ಪ ಸವೆದಿದೆ, ಚೌತಿ ಚಂದ್ರ ಇರೋ ಹಾಗೇನೇ. ನಿನ್ನ ಹೆಸರಲ್ಲಿ ನಾನೇ ನೀರು ಬಿಡ್ತೀನಿ. ನನ್ನ ಕಣ್ಣು ನಿನ್ನ ಕಣ್ಣು ಬೇರೆ ಏನಮ್ಮ? ಊಟ ಮಾಡು."

ಕಮಲಾ ಕೈ ಮುಗಿದು ಲೋಟ ಎತ್ತಿದಳು. ರಸ ಕುಡಿದಳು, ಅವಲಕ್ಕಿ ತಿಂದಳು, ಅರ್ಧ ಗಂಟೆಯಲ್ಲಿ ಬೆರಳ ನಡುಕ ನಿಂತಿತು. ಮಾರ್ಗರೆಟ್‌ಗೂ ಒಂದು ಹಿಡಿ ಅವಲಕ್ಕಿ ಕೊಟ್ಟಳು. ಆಕೆ ಪೂರ್ತಿ ತಿಂದು ಬೆರಳು ನೆಕ್ಕಿದಳು. ನಾನು ಮಾತ್ರ ಆ ರಾತ್ರಿ ಕಮಲಾಳ ಉಸಿರು ಕೇಳುತ್ತಾ ಮಲಗಿದ್ದೆ.

ಮರುದಿನ ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಬೆಟ್ಟಗಳ ಮೇಲೆ ಮೋಡ ಇನ್ನೂ ಕೂತೇ ಇತ್ತು.

ಶೆಫೀಲ್ಡ್ ಸ್ಟೇಷನ್ನಿಗೆ ಸುಧಾ ಬಂದಿದ್ದಳು. ಛತ್ರಿ ಹಿಡಿದು ಟ್ಯಾಕ್ಸಿ ಹತ್ತಿದೆವು. ರಸ್ತೆಯ ತುಂಬ ನೀರು. ನಿನ್ನೆ ಮಧ್ಯಾಹ್ನ ಹಿಡಿದ ಮಳೆ ಒಂದು ನಿಮಿಷವೂ ಬಿಟ್ಟಿಲ್ಲ, ರಾತ್ರಿಯೆಲ್ಲ ಸುರಿದಿದೆ ಎಂದು ಟ್ಯಾಕ್ಸಿಯವನು ಹೇಳಿದ. ಈ ಸಲ ಇಂಗ್ಲಿಷ್ ನನ್ನ ಕಿವಿಯಿಂದ ಜಾರಲಿಲ್ಲ. ಸುಧಾಳ ಕಡೆ ನೋಡಿದೆ. ಅವಳು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

"ಏನಂತೆ?" ಎಂದಳು ಕಮಲಾ.

"ಮಳೆಯಂತೆ," ಅಂದೆ.

"ಯಾವಾಗಿಂದ?"

ನನಗೆ ಸುಳ್ಳು ಹೊಳೆಯಲಿಲ್ಲ. "ನಿನ್ನೆಯಿಂದ."

ಕಮಲಾ ಗಾಜಿನ ಮೇಲೆ ಇಳಿಯುವ ನೀರನ್ನು ನೋಡುತ್ತಾ ಕೂತಳು. ಎರಡು ಸಿಗ್ನಲ್ ದಾಟಿದೆವು. ಆಮೇಲೆ ಮಗಳ ಒದ್ದೆ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಮುಂದಿನ ಸಂಕಷ್ಟಿಗೂ ನೀನೇ ನೋಡಿ ಹೇಳು," ಎಂದಳು. "ಸ್ವಲ್ಪ ಬೇಗ ನೋಡು."