ದಪ್ಪ ಕುತ್ತಿಗೆಗೆ ನೂರಿಪ್ಪತ್ತು ಕುಣಿಕೆ

ನಮ್ಮ ಬೀದಿಯ ಆಪರೇಟರಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಊರವರ ಮಾತಿಗೆ ತಂತಿ ಸಿಕ್ಕಿಸುತ್ತ ಕೂತವರು. ನಿವೃತ್ತಿಯಾದ ಮೇಲೆ ಬೆರಳು ಸುಮ್ಮನಿರದೆ ಸ್ವೆಟರ್ ಹೆಣೆಯಲು ಉಲ್ಲನ್ ಹಿಡಿದರು. ಉಲ್ಲನ್ ಅಂಗಡಿ ನನ್ನದು, ಅವರ ಬಾಗಿಲಿಗೆ ಎದುರು ಬಾಗಿಲು. ಅವರ ನಿವೃತ್ತಿಯಿಂದ ಲಾಭವಾದದ್ದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಆದರೆ ನಾನು ದರ ಹೇಳಿದರೆ ಆಯಮ್ಮ "ಲೈನ್‌ನಲ್ಲಿರಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಹತ್ತು ನಿಮಿಷ ಹೊಸಿಲಲ್ಲಿ ನಿಂತು ನಿಂತು ನಾನೇ ದರ ಇಳಿಸಿರುತ್ತಿದ್ದೆ.

ಹೆಣಿಗೆ ಕಡ್ಡಿಯ ಮೇಲೆ ಎತ್ತುವ ಒಂದೊಂದು ಸುತ್ತಿಗೂ ಅವರು ಕುಣಿಕೆ ಎನ್ನುತ್ತಿದ್ದರು. ಯಾವ ಸ್ವೆಟರಿಗೆ ಎಷ್ಟು ಕುಣಿಕೆ ಎಂದು ಹಳೆಯ ಕಂಪ್ಯೂಟರೊಂದರಲ್ಲಿ ಬರೆದಿಡುತ್ತಿದ್ದರು. ಅದು ಮೂರನೆಯ ಕೈ ದಾಟಿ ಬಂದ ಮಾಲು. ಒಂದು ಅಕ್ಷರ ಒತ್ತಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಆ ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತು. ಮನಸ್ಸು ಬಂದಾಗ ಹ್ಯಾಂಗ್ ಆಗಿ, ತೋರಿಸಿದ್ದನ್ನೇ ತೋರಿಸುತ್ತ ಕಲ್ಲಿನ ಹಾಗೆ ಕೂರುತ್ತಿತ್ತು.

ಹೀಗಿರುವಾಗ ಒಂದು ದಿನ ಆಪರೇಟರಮ್ಮನ ನಾದಿನಿ, ಅವರ ತಮ್ಮನ ಹೆಂಡತಿ, ಆ ಮನೆಗೆ ಬಂದಳು. ಎಡಗೈಗೆ ಪ್ಲಾಸ್ಟರ್, ಮುಂದಿನ ಹಲ್ಲೊಂದು ಕರ್ಚೀಫಿನಲ್ಲಿ. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದಳು. ಹೋದ ವರ್ಷ ಹುಬ್ಬು ಸೀಳಿದಾಗಲೂ ಬಚ್ಚಲೇ, ಅದರ ಹಿಂದೆ ಪಕ್ಕೆಲುಬು ಮುರಿದಾಗಲೂ ಬಚ್ಚಲೇ. ಅಷ್ಟು ನಿಷ್ಠೆಯಿಂದ ಜಾರಿಸುವ ಬಚ್ಚಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಚ್ಚಲಿಗೆ ಬೀದಿ ಇಟ್ಟ ಹೆಸರು ಸುತ್ತಿಗೆ. ಲಾರಿ ಬಾಡಿ ಕಟ್ಟುವ ಶೆಡ್ಡಿನ ಯಜಮಾನ, ಅವಳ ಗಂಡ. ಹಾಲುಹಲ್ಲು ಮೂಡಿದ ದಿನವೇ ಎತ್ತಿಕೊಂಡ ಅಕ್ಕನ ಹೆಗಲು ಕಚ್ಚಿದ್ದ, ಗುರುತು ಇನ್ನೂ ಇದೆ ಎಂದು ಆಪರೇಟರಮ್ಮ ಹೇಳುತ್ತಿದ್ದರು. ಹೆಂಡತಿ ಬಂದ ಮೇಲೆ ಅವನು ಪ್ರತಿ ಭಾನುವಾರ ನೆಂಟನ ಹಾಗೆ ಹಣ್ಣಿನ ಚೀಲ ಹಿಡಿದು ಬರುತ್ತಿದ್ದ. ಕಾಫಿ ಕುಡಿಯುತ್ತಿದ್ದ, ಅಕ್ಕನ ಮಂಡಿನೋವು ವಿಚಾರಿಸುತ್ತಿದ್ದ, ಆಮೇಲೆ ಏನನ್ನಾದರೂ ಮುರಿಯುತ್ತಿದ್ದ. ಮೊದಲ ವಾರ ಕುರ್ಚಿ, ಮುಂದಿನ ವಾರ ಕನ್ನಡಿ, ಆಮೇಲೆ ಒಳಕೋಣೆಯ ಚಿಲಕ. ಆ ಹೊತ್ತಿಗೆ ಅಕ್ಕಪಕ್ಕದವರು ಟೀವಿ ಜೋರು ಮಾಡುತ್ತಿದ್ದರು, ನಾನು ಷಟರ್ ಅರ್ಧಕ್ಕೆ ಎಳೆಯುತ್ತಿದ್ದೆ. ಕೊನೆಗೊಂದು ದಿನ, ಬರುವ ಭಾನುವಾರ ಕೂದಲು ಹಿಡಿದು ಎಳೆದುಕೊಂಡು ಹೋಗುತ್ತೇನೆ, ತಡೆದರೆ ಅಕ್ಕ ಅಂತಲೂ ನೋಡುವುದಿಲ್ಲ ಎಂದು ಬೀದಿಗೆಲ್ಲ ಕೇಳಿಸಿ ಹೋದ.

ಆ ಭಾನುವಾರ ಬೆಳಿಗ್ಗೆ ಹಣ್ಣಿನ ಚೀಲ ಇರಲಿಲ್ಲ. ಒಂದೇ ಒದೆತಕ್ಕೆ ಬಾಗಿಲು ಗೋಡೆಗೆ ಬಡಿಯಿತು. ನಾದಿನಿ ಕಂಪ್ಯೂಟರ್ ಮುಂದೆ ಕೂತು ಅಳತೆ ಬರೆಯುತ್ತಿದ್ದಳಂತೆ. ಗಾಬರಿಯಲ್ಲಿ ಮುಚ್ಚಲು ಹೋದರೆ ಕಂಪ್ಯೂಟರ್ ಹ್ಯಾಂಗ್ ಆಗಿತ್ತು. ಯಾರಿಗೆ ಪತ್ರ ಬರೆಯುತ್ತಿದ್ದೀಯ ಎಂದು ಅವಳನ್ನು ಪಕ್ಕಕ್ಕೆ ನೂಕಿ ಸುತ್ತಿಗೆ ಓದಿದ. ಪರದೆಯ ಮೇಲಿದ್ದದ್ದು ಇಷ್ಟು:

"ದಪ್ಪ ಕುತ್ತಿಗೆಯವನು. ಕುತ್ತಿಗೆಗೆ ನೂರಿಪ್ಪತ್ತು ಕುಣಿಕೆ. ಮೊದಲ ನಾಲ್ಕು ಸುತ್ತು ಬಿಗಿಯಾಗಿ. ತೋಳು ಎರಡೂ ಬೇರೆ ಮಾಡಿ ಇಡುವುದು. ಭಾನುವಾರದೊಳಗೆ ಮುಗಿಸುವುದು."

ಹತ್ತು ಜನರನ್ನು ಹೊಡೆದವನಿಗೆ ಹನ್ನೊಂದನೆಯವನು ತನ್ನನ್ನು ಹೊಡೆಯುತ್ತಾನೆ ಎಂಬ ಭಯ ಹೊಟ್ಟೆಯಲ್ಲೇ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ. ಆಮೇಲೆ ಹೆಂಡತಿಯ ಕತ್ತು ಹಿಡಿದು ಬೀರುವಿಗೆ ಬಡಿದ. ಒಂದು ಸಲ, ಎರಡು ಸಲ. ಬೀರುವಿನ ಸದ್ದು ನನ್ನ ಗಲ್ಲಾದವರೆಗೂ ಬಂತು. ಅವತ್ತು ಷಟರ್ ಎಳೆಯಲು ಕೈ ಏಳಲಿಲ್ಲ. ನಾನು ರಸ್ತೆ ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಆಪರೇಟರಮ್ಮ ಎಂಟನೇ ನಂಬರಿನ ಉಕ್ಕಿನ ಕಡ್ಡಿಯನ್ನು ತಮ್ಮನ ಮುಂಗೈಗೆ ಇಳಿಸಿದ್ದರು. ಅವನು ಕಡ್ಡಿ ಕಿತ್ತೆಸೆದು, ಅಕ್ಕನ ಬಲಗೈಯ ಎರಡು ಬೆರಳನ್ನು ಹಿಂದಕ್ಕೆ ಮಡಚಿದ. ಒಣಕಡ್ಡಿ ಮುರಿದಂಥ ಶಬ್ದ. ಸುತ್ತಿಗೆ ನನ್ನನ್ನು ತಳ್ಳಿಕೊಂಡು, ರಕ್ತ ಸುರಿಯುವ ಕೈ ಎತ್ತಿ ಹಿಡಿದು, ಕೊಲ್ತಾರೆ ನನ್ನ, ಕೊಲ್ತಾರೆ ಎನ್ನುತ್ತ ನೇರ ಪೊಲೀಸ್ ಸ್ಟೇಷನ್ನಿಗೆ ಓಡಿದ.

ಮೂರು ತಿಂಗಳಿಂದ ಬೀದಿಯಲ್ಲಿ ಒಬ್ಬರೂ ಕರೆಯದ ಪೊಲೀಸರನ್ನು ಹೀಗೆ ಅವನೇ ಕರೆತಂದ.

ಇನ್ಸ್‌ಪೆಕ್ಟರ್ ಫೋಟೋ ಓದಿದರು, ಪರದೆ ಓದಿದರು, ಗೋಡೆಗೆ ಒರಗಿ ಕೂತಿದ್ದ ಹೆಂಗಸರಿಬ್ಬರನ್ನೂ ನೋಡಿದರು. ಇದು ಯಾರನ್ನು ಮುಗಿಸುವ ಲೆಕ್ಕ ಎಂದು ಕೇಳಿದರು. ಆಪರೇಟರಮ್ಮ ಊದಿದ ಕೈಯಿಂದಲೇ ಬುಟ್ಟಿಯ ಕಡೆ ತೋರಿಸಿದರು. ಅದರಲ್ಲಿ ನೀಲಿ ಸ್ವೆಟರೊಂದು ತೋಳಿಲ್ಲದೆ, ಕುತ್ತಿಗೆಯಿಲ್ಲದೆ ಬಿದ್ದಿತ್ತು.

"ಹಾಗಾದರೆ ಈ ದಪ್ಪ ಕುತ್ತಿಗೆ ಯಾರದು?"

ಹೆಂಗಸರಿಬ್ಬರೂ ನನ್ನ ಕಡೆ ನೋಡಿದರು. ಆ ನೀಲಿ ಉಲ್ಲನ್ ಆರಿಸಿ, ಚಳಿಗೆ ಮುಂಚೆ ಬೇಕು ಎಂದು ಅವಸರ ಮಾಡಿದವನು ನಾನೇ. ಬೆನ್ನ ಹಿಂದೆ ಇವರು ನನ್ನನ್ನು ಏನೆಂದು ಕರೆಯುತ್ತಾರೆ ಎಂದು ಹಾಗೆ ಗೊತ್ತಾಯಿತು.

"ನನ್ನದೇ ಸಾರ್," ಎಂದೆ.

ಟೇಪು ತಂದು ನನ್ನ ಕುತ್ತಿಗೆ ಅಳೆದರು. ಸರಿಯಾಗಿತ್ತು. ಕಾನ್‌ಸ್ಟೇಬಲ್ ಒಬ್ಬ ಮುಖ ತಿರುಗಿಸಿ ಕೆಮ್ಮಿದ. ಸುತ್ತಿಗೆಯೂ ನಗಲು ನೋಡಿದ, ಹೆಂಗಸರ ಸ್ವೆಟರ್ ಭಾಷೆ ನಮಗೇನು ಗೊತ್ತಾಗುತ್ತೆ ಸಾರ್, ಮನೆ ಜಗಳ, ಬಿಟ್ಟುಬಿಡಿ ಎಂದ. ಇನ್ಸ್‌ಪೆಕ್ಟರ್ ನಗಲಿಲ್ಲ. ಬೀರುವಿನ ತಗ್ಗಿಗೆ ಅಂಟಿದ್ದ ಕೂದಲನ್ನು ನೋಡಿ, ತಲೆಗೆ ಏನಾಯಿತಮ್ಮ ಎಂದು ನಾದಿನಿಯನ್ನು ಕೇಳಿದರು.

ಬಚ್ಚಲು ಎನ್ನುತ್ತಾಳೆ ಎಂದುಕೊಂಡೆ. ಹಾಗೆಂದಿದ್ದರೆ ಸಂಜೆಯೊಳಗೆ ಅವನು ಅವಳನ್ನು ಎಳೆದೊಯ್ಯುತ್ತಿದ್ದ. ಅವಳು ಅತ್ತಿಗೆಯ ಮುರಿದ ಬೆರಳನ್ನು ನೋಡಿದಳು.

"ನಾನು ಯಾವತ್ತೂ ಜಾರಿಲ್ಲ ಸಾರ್. ಬರ್ಕೊಳ್ಳಿ, ಮೊದಲಿಂದ ಹೇಳ್ತೀನಿ."

ಅವಳು ಹೇಳುತ್ತ ಹೋದಳು. ಕಾನ್‌ಸ್ಟೇಬಲ್ಲಿನ ಪೆನ್ನಿನ ಶಾಯಿ ಮುಗಿದು, ನಾನು ಅಂಗಡಿಯಿಂದ ಇನ್ನೊಂದು ತಂದುಕೊಟ್ಟೆ. ನಡುವೆ ಸುತ್ತಿಗೆ ಎದ್ದು ಅಕ್ಕನ ಕಡೆ ತಿರುಗಿ, ಅಕ್ಕಾ, ನೀನಾದರೂ ಹೇಳೇ ಎಂದ.

"ಲೈನ್‌ನಲ್ಲಿರು," ಎಂದರು ಆಪರೇಟರಮ್ಮ.

ಅವನು ಇನ್ನೂ ಜೈಲಿನ ಒಳಗೇ ಇದ್ದಾನೆ. ಆಪರೇಟರಮ್ಮನ ಒಂದು ಬೆರಳು ಕೂಡಿಕೊಂಡಿತು, ಇನ್ನೊಂದು ಮಡಚುವುದಿಲ್ಲ. ಈಗ ಅವರು ಹೇಳುತ್ತಾರೆ, ನಾದಿನಿ ಹೆಣೆಯುತ್ತಾಳೆ. ನನ್ನ ಸ್ವೆಟರಿನ ಕುತ್ತಿಗೆಯೇ ಅವಳ ಮೊದಲ ಕೆಲಸ. ಮೊದಲ ನಾಲ್ಕು ಸುತ್ತು ಹೇಳಿದ್ದಕ್ಕಿಂತ ಬಿಗಿಯಾಗಿ ಬಿದ್ದಿದೆ. ಹಾಕಿಕೊಂಡರೆ ನೀರು ನುಂಗುವುದೂ ಕಷ್ಟ.

ಹೇಗಿದೆ ಎಂದು ಇಬ್ಬರೂ ಕೇಳಿದರು. ಕಡ್ಡಿ ಅವರ ಕೈಯಲ್ಲಿತ್ತು. ಅಳೆದು ಮಾಡಿದ ಹಾಗಿದೆ ಎಂದೆ.